ನೆಲ ರಾಜ್ಯದ್ದು, ನೀರು ಕೇಂದ್ರದ್ದು

ಅಣೆಕಟ್ಟಿನ ನೀರು ಹಿರೇಮಾಳವನ್ನು ಮುಳುಗಿಸಿದಾಗ, ಊರು ಬಿಡಲೊಲ್ಲದವರು ಕಿವಿರು ಬೆಳೆಸಿಕೊಂಡು ಅಲ್ಲೇ ಉಳಿದರು. ಈಗ ಅವರ ಮೊಮ್ಮಕ್ಕಳ ಕಾಲ. ತಳದ ನೆಲಕ್ಕೆ ರಾಜ್ಯದ ಕಾಯ್ದೆ, ಅದರ ಮೇಲಿನ ನೀರಿಗೆ ಕೇಂದ್ರದ ಕಾಯ್ದೆ.

ನೀಲವ್ವನಿಗೆ ಹೆರಿಗೆ ನೋವು ಶುರುವಾದಾಗ ಎರಡೂ ಸರ್ಕಾರಗಳ ನರ್ಸುಗಳು ಬಂದರು. ನೋವು ಏರಿದಾಗಲೆಲ್ಲ ಅವಳ ಮೈ ಹಾಸಿಗೆ ಬಿಟ್ಟು ಮೇಲಕ್ಕೆ ತೇಲುತ್ತಿತ್ತು.

“ನೆಲ ಬಿಟ್ಟಾಳ. ಇನ್ನ ನಾ ಮುಟ್ಟಂಗಿಲ್ರಿ,” ಎಂದು ರಾಜ್ಯದ ನರ್ಸ್ ಕೈ ತೆಗೆದಳು.

ಕೇಂದ್ರದ ನರ್ಸ್ ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ನೀಲವ್ವ ಮತ್ತೆ ಕೆಳಗಿಳಿದಳು. “ಈಗ ಇದು ನಿಮ್ಮ ಕೇಸು,” ಎಂದು ಆಕೆಯೂ ಕೈಕಟ್ಟಿ ನಿಂತಳು.

ಅತ್ತೆ ಗುರಸಿದ್ದವ್ವ ಸ್ವಲ್ಪ ಹೊತ್ತು ನೋಡಿದಳು. ಸೊಸೆಯ ಮುಖ ಬಿಳಚಿಕೊಳ್ಳುತ್ತಿತ್ತು.

“ಇಕಿ ಸತ್ರ ಹೆಣ ಯಾರದು ಅಂತ ಸುಪ್ರೀಂ ಕೋರ್ಟಿಗೆ ಹೋಗ್ತೀರೇನು? ಸರೀರಿ ಆಕಡೆ,” ಎಂದು ಇಬ್ಬರನ್ನೂ ಪಕ್ಕಕ್ಕೆ ತಳ್ಳಿದಳು. ಸೊಸೆಯನ್ನು ತನ್ನ ಮೊಣಕಾಲುಗಳ ನಡುವೆ ಅವುಚಿಕೊಂಡು ತಾನೇ ಹೆರಿಗೆ ಮಾಡಿಸಿದಳು. ಹೆಣ್ಣುಕೂಸು. ಅದರ ಪುಟ್ಟ ಕಿವಿರುಗಳು ಬಿಚ್ಚಿಕೊಂಡವು, ಕೂಸು ಗಟ್ಟಿಯಾಗಿ ಅತ್ತಿತು.

ನರ್ಸುಗಳಿಬ್ಬರೂ ಆಗ ಮುಂದೆ ಬಂದರು. ಜನನ ಬರೆದುಕೊಳ್ಳುವ ಅಧಿಕಾರ ಯಾರದೆಂದು ತೀರ್ಮಾನವಾಗಬೇಕಿತ್ತು.

“ಅಜ್ಜಿ, ಹುಟ್ಟಿದಾಗ ಕೂಸು ನೆಲದ ಮ್ಯಾಲಿತ್ತೋ, ನೀರಾಗಿತ್ತೋ?” ಎಂದು ರಾಜ್ಯದ ನರ್ಸ್ ಕೇಳಿದಳು.

ಗುರಸಿದ್ದವ್ವ ಕೂಸನ್ನು ತಾಯಿಯ ಎದೆಗೆ ಆನಿಸುತ್ತ, ಅವರ ಕಡೆ ನೋಡದೆಯೇ ಹೇಳಿದಳು: “ನನ್ನ ಕೈಯಾಗಿತ್ತು. ಆಗ ನಿಮ್ಮ ಕೈ ಎಲ್ಲಿದ್ದವು, ಅದನ್ನ ಮೊದಲ ಬರೀರಿ.”