ಮಂಚ ಬಿಟ್ಟೇಳದ ಸೋಮಮ್ಮ

ಈ ಕಥೆಯನ್ನು ಮೊದಲು ಹೇಳಿದವನು ಬೆಟ್ಟದಪುರದ ಚನ್ನಬಸವಣ್ಣ. ಹೋದ ವರ್ಷದ ಭಾದ್ರಪದದಲ್ಲಿ, ಹೊಗೆಸೊಪ್ಪು ಕಟ್ಟಲು ಕುಳಿತಿದ್ದವರ ನಡುವೆ. ಮುದುಕರ ಆರೈಕೆಗೆಂದು ಊರೂರು ಸುತ್ತುವ ಜೀಪು ಅವನದೇ. ಕಂಡದ್ದನ್ನು ಕಂಡಂತೆ ಹೇಳುವವನೆಂದು ಆ ಕಡೆ ಹೆಸರು.

"ಎದ್ದೀಯ! ಎದ್ರೆ ಸತ್ತೆ!"

ನಂಜಯ್ಯನ ಎರಡೂ ಅಂಗೈಗಳು ಹೆಂಡತಿಯ ಭುಜಗಳನ್ನು ಮಂಚಕ್ಕೆ ಒತ್ತಿದವು. ಸೋಮಮ್ಮ ಕಣ್ಣು ಮುಚ್ಚಿದಳು. ಅವಳನ್ನು ಕೂರಿಸಲೆಂದು ಬೆನ್ನಿಗೆ ಕೈ ಕೊಟ್ಟಿದ್ದ ರೂಪಶ್ರೀ ಮೆಲ್ಲನೆ ಕೈ ಹಿಂದೆಗೆದಳು.

ರೂಪಶ್ರೀ ಹುಣಸೂರಿನಿಂದ ಚನ್ನಬಸವಣ್ಣನ ಜೀಪಿನಲ್ಲಿ ಬರುತ್ತಿದ್ದ ಆಕ್ಯುಪೇಷನಲ್ ಥೆರಪಿಸ್ಟ್. ಮುಪ್ಪಿನಲ್ಲಿ ಕೈಕಾಲು ಸೋತವರಿಗೆ ಉಣ್ಣುವ, ಉಡುವ, ಎದ್ದು ಓಡಾಡುವ ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವುದು ಅವಳ ಕಸುಬು. ಸೋಮಮ್ಮ ಯುಗಾದಿಯ ಆಸುಪಾಸಿನಲ್ಲಿ ಅಂಗಳದಲ್ಲಿ ಜಾರಿ ಬಿದ್ದವಳು, ಅಂದಿನಿಂದ ಮಂಚ ಬಿಟ್ಟಿರಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಮೂಳೆಗೆ ಯಾವ ಊನವೂ ಕಂಡಿರಲಿಲ್ಲ.

ಊರು ನಂಜಯ್ಯನನ್ನು ಹೊಗಳುತ್ತಿತ್ತು. ತಲೆ ಬಾಚುವುದು, ಬಾಯಿಗೆ ತುತ್ತಿಡುವುದು, ಕಾಲೊತ್ತುವುದು, ಎಲ್ಲವೂ ಅವನದೇ.

"ನಮ್ಮತ್ತೆ ಪುಣ್ಯ ಕಣ್ರೀ," ಎಂದಿದ್ದಳು ಸೊಸೆ ಮೀನಾ. "ನಮ್ಮನೆಯವ್ರು, ನಂಗೆ ಜ್ವರ ಬಂದ್ರೆ, ಮಾತ್ರೆ ಎಲ್ಲದೆ ಅಂತ ನನ್ನೇ ಕೇಳ್ತಾರೆ. ಮಾವ ನೋಡಿ, ಅತ್ತೇನ ಯಾರ್ಗೂ ಮುಟ್ಟಕ್ಕೇ ಬುಡಲ್ಲ."

ಆ ಕೊನೆಯ ಮಾತೇ ರೂಪಶ್ರೀಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಪ್ರತಿ ಸಲವೂ ನಂಜಯ್ಯ ಅವಳನ್ನು ಬಾಗಿಲಲ್ಲೇ ತಡೆದು, "ನೀನ್ಯಾರ ಮನೆಯವಳವ್ವ?" ಎನ್ನುತ್ತಿದ್ದ. ಪರಿಚಯವಿದ್ದೂ ಹೀಗೆ ಕೇಳುವುದು ಬರಬೇಡವೆಂಬ ಸೂಚನೆಯೆಂದೇ ಅವಳು ತಿಳಿದಳು. ಒಂದು ಮಧ್ಯಾಹ್ನ ಸೋಮಮ್ಮ ಆಗಷ್ಟೇ ಉಂಡು ಮುಗಿಸಿದ್ದಳು. ಅವನು ಮತ್ತೆ ತಟ್ಟೆ ತಂದು ಮುದ್ದೆ ಮುರಿದ. ಸೋಮಮ್ಮ ಬೇಡವೆನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಒಂದೊಂದೇ ತುತ್ತು ನುಂಗಿದಳು.

ಅದೇ ದಿನ ಅವಳ ಕಾಲು ನೋಡಿದಾಗ ರೂಪಶ್ರೀ ಬೆಚ್ಚಿದಳು. ಮಲಗಿದವರಂತೆ ಸೊರಗದೆ ಮೀನಖಂಡ ಗಟ್ಟಿಯಾಗಿತ್ತು. ಹಿಮ್ಮಡಿಯಲ್ಲಿ ಹಸಿಮಣ್ಣಿತ್ತು. ಗಂಡ ಕಣ್ಣು ಮುಚ್ಚಿದಾಗ ಈ ಹೆಂಗಸು ಕದ್ದು ನಡೆಯುತ್ತಿದ್ದಾಳೆ!

ನಂಜಯ್ಯ ಬಚ್ಚಲಿಗೆ ಹೋದದ್ದೇ ತಡ, ರೂಪಶ್ರೀ ಬಾಗಿ ಕೇಳಿದಳು: "ಅಮ್ಮ, ನಿಮ್ಮ ಕಾಲು ಚೆನ್ನಾಗಿವೆ. ಯಾಕೆ ಮಲಗಿದ್ದೀರಿ?"

ಸೋಮಮ್ಮ ಅವಳ ಮಣಿಕಟ್ಟು ಹಿಡಿದಳು. "ನನ್ನ ನಿಲ್ಲುಸ್ಬ್ಯಾಡಿ ಡಾಕ್ಟ್ರಮ್ಮ. ನಾನೆದ್ರೆ ಈ ಮನೇಲಿ ಒಂದು ಜೀವ ಓಯ್ತದೆ."

"ಹೊಡೀತಾರಾ?"

"ಆ ಕೈಗೆ ಕೆಲ್ಸ ಇರೋಗಂಟ ನಂಗ್ಯಾವ ಭಯಾನೂ ಇಲ್ಲ. ಕೆಲ್ಸ ತಪ್ಪಿದ್ ದಿನ ನೋಡ್ಬೇಕು."

"ಮಗನಿಗೆ ಹೇಳಿ."

"ಅವನ್ಗೆ ಗೊತ್ತಾದ್ರೆ ಇವರ್ನ ಈ ಮನೇಲಿ ಇರುಸ್ತಾನಾ?"

ಬಚ್ಚಲ ಬಾಗಿಲು ಸದ್ದಾಯಿತು. ಸೋಮಮ್ಮ ಗೋಡೆಗೆ ಮುಖ ಮಾಡಿದಳು.

ಮಗ ಲಿಂಗರಾಜು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಕಾಯುತ್ತಿದ್ದ. ರೂಪಶ್ರೀ ನೇರ ಅಲ್ಲಿಗೇ ಹೋದಳು. ಅಪ್ಪ ಅಮ್ಮನನ್ನು ಹೆದರಿಸಿ ಮಲಗಿಸಿದ್ದಾರೆ ಎಂಬ ಅವಳ ಮಾತು ಕೇಳಿ ಅವನು ನಕ್ಕ. "ನಮ್ಮಪ್ಪನಾ? ಇರುವೆ ಕಂಡ್ರೆ ದಾಟ್ಕಂಡ್ ಓಗೋ ಆಳು ಕಣ್ರೀ!" ಆಮೇಲೆ ಹಿಮ್ಮಡಿಯ ಮಣ್ಣಿನ ವಿಷಯ ಕೇಳಿದ. ನಗು ನಿಂತಿತು.

ಮರುವಾರ ಅವನೇ ಮುಂದೆ ನಿಂತ. ತಂದೆಯನ್ನು ಹಿಂದಿನಿಂದ ತಬ್ಬಿ ಗೋಡೆಗೆ ಸರಿಸಿದ. ನಂಜಯ್ಯ ಒದ್ದಾಡಿದ, ಕೂಗಿದ: "ಬುಡ್ಲಾ! ಅವಳು ಏಳ್ಬಾರ್ದು ಕಣ್ಲಾ!"

"ಬ್ಯಾಡ ಮಗ," ಎಂದಳು ಸೋಮಮ್ಮ.

"ಹೆದರಬೇಡಿ ಅಮ್ಮ, ನಾವೆಲ್ಲ ಇದ್ದೀವಿ," ಎಂದು ರೂಪಶ್ರೀ ಅವಳನ್ನು ಎಬ್ಬಿಸಿದಳು. ಸೋಮಮ್ಮ ಎದ್ದಳು. ಆಸರೆ ಬೇಕಾಗಲಿಲ್ಲ. ಹೊಸ್ತಿಲವರೆಗೆ ನೆಟ್ಟಗೆ ನಡೆದಳು. ಮೀನಾ ಕೈಮುಗಿದು ಅತ್ತಳು. ರೂಪಶ್ರೀಗೆ ಒಂದು ಜೀವ ಉಳಿಸಿದೆನೆಂಬ ಹಗುರ.

ನಂಜಯ್ಯನ ಒದ್ದಾಟ ಥಟ್ಟನೆ ನಿಂತಿತು. ಅವನ ಕಣ್ಣು ಹೆಂಡತಿಯ ಹಿಂದೆ ಹೋಗಿರಲಿಲ್ಲ. ಬರಿದಾದ ಮಂಚದ ಮೇಲೇ ನೆಟ್ಟಿತ್ತು. ಮಗ ಹಿಡಿತ ಸಡಿಲಿಸಿದ. ಮುದುಕ ಮಂಚದ ಬಳಿ ಹೋಗಿ ಹಾಸಿಗೆ ತಡವಿದ. ಬಳಿಕ ಹೊಸ್ತಿಲಲ್ಲಿದ್ದ ಸೋಮಮ್ಮನ ಕಡೆ ತಿರುಗಿ, ನೆಂಟರಿಗೆ ಮುಗಿಯುವಂತೆ ಕೈಮುಗಿದ.

"ಯಾವೂರವ್ವ ನಿಮ್ದು? ಬಂದಿದ್ದು ಒಳ್ಳೇದಾಯ್ತು. ನಮ್ಮವ್ವ ಓಗ್ಬುಟ್ಲು. ಏಳ್ಬ್ಯಾಡ ಏಳ್ಬ್ಯಾಡ ಅಂತ ಬಡ್ಕಂಡೆ, ಕೇಳ್ನಿಲ್ಲ."

ಲಿಂಗರಾಜುವಿನ ಮುಖ ಬಿಳಿಚಿತು. "ಅಪ್ಪ... ಅಜ್ಜಿ ಕಾಯ್ಲೆ ಮಲಗಿದ್ದೋಳು ಎದ್ದೋಗಿ ಕೆರೇಗ್ ಬಿದ್ದಿದ್ದು ನಾನುಟ್ಟಕ್ಕೂ ಮುಂಚೆ ಅಲ್ವಾ?"

ಸೋಮಮ್ಮ ಮಗನತ್ತ ನೋಡಲಿಲ್ಲ. "ಮರೆವು ಅತ್ಕಂಡ್ಮೇಲೆ ಇವ್ರು ಅವ್ವ ಎಲ್ಲಿ ಅಂತ ದಿನಾ ಕೆರೆ ತಾವ್ಕೆ ಓಡೋರು ಕಣವ್ವ," ಎಂದಳು ರೂಪಶ್ರೀಗೆ. "ನಾ ಬಿದ್ದು ಮಲಗ್ದೆ ನೋಡು, ಅವತ್ತು ಅವ್ವ ಸಿಕ್ಬುಟ್ಲು ಇವರ್ಗೆ."

ಅಷ್ಟು ಹೇಳಿ ಓಡಿ ಬಂದು ಮಂಚದ ಮೇಲೆ ಮೊದಲಿನಂತೆಯೇ ಒರಗಿದಳು. "ಇಲ್ಲೇ ಇವ್ನಿ ಕಣಪ್ಪ ಮಗ, ಎಲ್ಲೂ ಓಗಿಲ್ಲ," ಎಂದು ಗಂಡನನ್ನು ಕರೆದಳು. "ಬಾ, ಉಣ್ಸು ಬಾ."

ನಂಜಯ್ಯ ಮಂಚದ ಕಾಲ್ದೆಸೆಗೆ ಬಂದು ಕುಳಿತ. ಹೆಗಲ ವಲ್ಲಿಯ ಅಂಚು ಹರಿದ. ಅವಳ ಕಾಲಿನ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ, ಹೆಣಕ್ಕೆ ಕಟ್ಟುವಂತೆ ಬಿಗಿಯಾಗಿ ಕಟ್ಟಿದ.

ಚನ್ನಬಸವಣ್ಣ ಅಲ್ಲಿಗೆ ನಿಲ್ಲಿಸಿದ. ಕುಳಿತಿದ್ದವರು ಸೊಪ್ಪು ಕಟ್ಟುವುದನ್ನು ಬಿಟ್ಟು, ಒಬ್ಬೊಬ್ಬರೇ ಎದ್ದು ಮನೆಗೆ ಹೋದರು.