ಮಿಡಿಯದ ಬಳೆ

ಐದು ತಿಂಗಳು ತುಂಬಿದ ಬಸುರಿಗೆ ಆಸ್ಪತ್ರೆಯವರೇ ಹಸಿರು ಬಳೆ ತೊಡಿಸಿ ಕಳಿಸೋದು ಊರಿಗೆಲ್ಲ ರೂಢಿ. ನಾಡಿ ಬಡಿದಂತೆ ಗಾಜೂ ಮಿಡಿಯುತ್ತೆ. ಮೈ ಕಾಯೋ ನೆತ್ತರೇ ತಿರುಗಿಬಿದ್ದು ಮಿದುಳನ್ನು ಕಚ್ಚತೊಡಗಿದರೆ ಬಳೆ ಕಪ್ಪಾಗುತ್ತೆ. ಅವತ್ತೇ ಓಡಿದರೆ ತಾಯಿ ಮಗು ಇಬ್ಬರೂ ಉಳೀತಾರೆ.

ಹುಲಿಗೆಮ್ಮ ಈಚೆಗೆ ಗೋಡೆ ಜೊತೆ ಮಾತಾಡ್ತಿದ್ದಳು. ಆಟೋ ಓಡಿಸಿ ಬಂದಾಗೆಲ್ಲ ಗಾದಿಲಿಂಗ ಹೆಂಡತಿಯ ಕೈ ನೋಡೋನು. ಬಳೆ ಹಸಿರಾಗೇ ಇರೋದು. ಬಸುರಿ ಗುಂಗು ಅಂತ ಸುಮ್ಮನಾಗೋನು. ಇವತ್ತು ಮಧ್ಯಾಹ್ನ ಅವಳ ಬಾಯಿ ಸೊಟ್ಟಗಾಗಿ ಕೈ ಅದುರತೊಡಗಿತು. ಹಿಡಿದುಕೊಂಡ. ನಾಡಿ ಕುದುರೆ ಹಾಗೆ ಓಡ್ತಿತ್ತು, ಬಳೆ ಮಾತ್ರ ಮಿಡಿಯಲೇ ಇಲ್ಲ.

"ಅವ್ವಾ, ಇವು ಎಲ್ಲಿ ಬಳಿ?"

"ಸಂತ್ಯಾಗಿನವು," ಅಂದಳು ತಾಯಿ. "ಅಮಾಸಿ ದಿನ ಆ ದವಾಖಾನಿ ಬಳಿ ಕರ್ರಗಾದ್ವು. ಬಸುರಿ ಕೈಯಾಗ ಕರಿ ಬಳಿ ಅಪಶಕುನ ಅಲ್ಲೇನೋ? ಒಡೆದು ತಿಪ್ಪಿಗೆ ಹಾಕಿ ನಾನೇ ಹೊಸವು ತೊಡಿಸಿದೆ. ನೀನು ಹೆದರ್ತಿ ಅಂತ ಹೇಳಲಿಲ್ಲಪ್ಪ."

"ಶಕುನ ಉಳಿಸಿಕೊಂಡ್ಯಲ್ಲವ್ವ! ಸೊಸಿ?"

ಅಮಾಸಿ ಕಳೆದು ಎಷ್ಟು ದಿನವಾಯಿತೆಂದು ಎಣಿಸಲು ಅವನಿಗೆ ಧೈರ್ಯ ಬರಲಿಲ್ಲ. ಹುಲಿಗೆಮ್ಮನನ್ನು ಎತ್ತಿ ಆಟೋದಲ್ಲಿ ಕೂರಿಸಿದ. ತಾಯಿ ಅಳುತ್ತಾ ಪಕ್ಕದಲ್ಲಿ ಕೂತು ಅವಳನ್ನು ತಬ್ಬಿ ಹಿಡಿದಳು.

ಹಿಂದಿನಿಂದ ಹುಲಿಗೆಮ್ಮ ಅವನ ಭುಜ ತಟ್ಟಿದಳು.

"ನಿಧಾನ ಹೋಗಣ್ಣ, ಹೊಟ್ಟ್ಯಾಗ ಕೂಸೈತಿ. ನಮ್ಮ ಮನಿಯವ್ರು ಹುಡುಕ್ತಿರ್ತಾರ. ಸಿಕ್ರೆ ಜಲ್ದಿ ಬಾ ಅನ್ನು. ನಂಗ ಯಾಕೋ ಹೆದರಿಕಿ ಆಗ್ತೈತಿ."

"ಹೇಳ್ತೀನಕ್ಕ," ಅಂದು ಗಾದಿಲಿಂಗ ಆಟೋವನ್ನು ಇದ್ದಷ್ಟು ಜೋರಾಗಿ ಓಡಿಸಿದ.