ಮೂಗಿನ ತುದಿಯ ಕನ್ನಡಕ

"ರೀ, ಇದೇನು ಪತ್ರವೋ, ಅಂಗಡಿ ಬೋರ್ಡೋ?"

ಹೆಂಡತಿ ಹಾಳೆಯನ್ನು ದೂರ ಹಿಡಿದು ಕೇಳಿದಳು. ಕೇಳುವುದೇನು ಬಂತು, ಬೋರ್ಡೇ. ಜೀವಮಾನವೆಲ್ಲ ಅಂಗಡಿಗಳಿಗೆ ಬೋರ್ಡು ಬರೆದ ಗಂಡನಿಗೆ, ನನ್ನ ಕೆಲಸದ ಅರ್ಜಿಯ ಜೊತೆಗಿಡಲು ಒಂದು ಪತ್ರ ಬರೆದುಕೊಡಿ ಎಂದರೆ ಅವನು ಇನ್ನೇನು ಬರೆದಾನು? ಸುತ್ತಲೂ ಹೂಬಳ್ಳಿಯ ಅಂಚು. ಮೇಲೆ ದಪ್ಪಕ್ಷರದಲ್ಲಿ, 'ಕನ್ನಡಕ ಕೂರಿಸುವುದರಲ್ಲಿ ಎತ್ತಿದ ಕೈ!' ಅದರ ಕೆಳಗೆ, 'ನಂಬಿಕೆಗೆ ಇನ್ನೊಂದು ಹೆಸರು.' ಕಟ್ಟಕಡೆಗೆ, ಕೈಗೆ ಅಂಟಿದ ಅಭ್ಯಾಸ ನೋಡಿ, 'ನಮಗೆ ಬೇರೆಲ್ಲೂ ಶಾಖೆಗಳಿಲ್ಲ.'

"ಸುಳ್ಳೇನು ಬರೆದಿದ್ದೀನಿ? ನಿಂಗೆ ಬೇರೆ ಶಾಖೆ ಎಲ್ಲಿದೆ?" ಎಂದ ಗಂಡ, ಮೂಗಿನ ತುದಿಯ ಕನ್ನಡಕದ ಮೇಲಿನಿಂದ ಅವಳನ್ನು ನೋಡುತ್ತ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಆ ನೀರು ಯಾಕೋ ನಿಲ್ಲಲೇ ಇಲ್ಲ. ಮದುವೆಗೆ ಮುಂಚಿನಿಂದ ಕೆಲಸ ಮಾಡಿದ್ದ ಕನ್ನಡಕದ ಅಂಗಡಿ ಬಾಗಿಲು ಹಾಕಿದ ಮೇಲೆ ಅವಳು ಮನೆಯಲ್ಲಿ ಕೈಕಟ್ಟಿ ಕೂತಿದ್ದಳು. ಊಟಕ್ಕೇನೂ ಕೊರತೆಯಿರಲಿಲ್ಲ, ಗಂಡನ ಕುಂಚ ನಡೆಯುತ್ತಿತ್ತು. ಆದರೆ ಸುಮ್ಮನಿರುವ ಕೈಯಿದೆಯಲ್ಲ, ಅದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಅಕ್ಕಪಕ್ಕದ ಮನೆಯವರ ಕನ್ನಡಕಗಳನ್ನೆಲ್ಲ ರಿಪೇರಿ ಮಾಡಿ ಮುಗಿಸಿ, ಈಗ ಬಾಣಲೆಯ ಹಿಡಿಯ ಸ್ಕ್ರೂ ಬಿಗಿ ಮಾಡುವ ಮಟ್ಟಕ್ಕೆ ಬಂದಿದ್ದಳು ಪಾಪ. ಅಷ್ಟರಲ್ಲಿ ಮುಖ್ಯರಸ್ತೆಯ ದೊಡ್ಡ ಕನ್ನಡಕದ ಅಂಗಡಿಯಲ್ಲಿ ಒಬ್ಬರು ಬೇಕಾಗಿದ್ದಾರೆ ಎಂದು ಕಿವಿಗೆ ಬಿದ್ದಿತ್ತು.

"ಇದು ತಪ್ಪಿದ್ರೆ ನಂಗೆ ಹುಚ್ಚೇ ಹಿಡಿಯುತ್ತೆ ಕಣ್ರೀ."

ಗಂಡ ಹೊಸ ಹಾಳೆ ಎಳೆದುಕೊಂಡ. "ಅಳಬೇಡ, ಕೇಳಿಲ್ಲಿ. ಬೋರ್ಡನ್ನ ಯಾರೂ ನಿಂತು ಓದಲ್ಲ, ಬಸ್ಸಲ್ಲಿ ಹೋಗ್ತಾ ಓದ್ತಾರೆ. ಪತ್ರಾನೂ ಅಷ್ಟೇ. ಆ ಅಂಗಡಿ ಯಜಮಾನಿ ಮುಂದೆ ರಾಶಿ ಬಿದ್ದಿರುತ್ತೆ. ಒಂದೇ ಒಂದು ಮಾತು ಕಣ್ಣಿಗೆ ಹೊಡೀಬೇಕು. ಬೇರೆಯವರು ಮಾಡದೇ ಇರೋದು ನೀನೇನು ಮಾಡ್ತೀಯ?"

"ನಾನೇನು ಮಾಡ್ತೀನಿ, ಮಣ್ಣು! ಎಲ್ಲರ ಹಾಗೆ ಕಡ್ಡಿ ಬಗ್ಗಿಸ್ತೀನಿ, ಸ್ಕ್ರೂ ಬಿಗಿ ಮಾಡ್ತೀನಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಂ, ಒಂದಿದೆ. ಸರಿಯಾಗಿದೆಯಾ ಅಂತ ಗಿರಾಕೀನ ಕೇಳಲ್ಲ. ಕೇಳಿದ್ರೆ ದಾಕ್ಷಿಣ್ಯಕ್ಕೆ ಹೂಂ ಅಂದ್ಬಿಡ್ತಾರೆ. ಬಗ್ಗಿ ಚಪ್ಪಲಿ ಸರಿ ಮಾಡ್ಕೊಳ್ಳಿ ಅಂತೀನಿ. ಕನ್ನಡಕ ಜಾರಿದ್ರೆ ವಾಪಸ್ ಇಸ್ಕೊಂಡು ಮತ್ತೆ ಕೂರಿಸ್ತೀನಿ."

"ಥೂ, ಇಷ್ಟು ಹೊತ್ತು ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ!" ಎಂದವನೇ ಬಳ್ಳಿಯಿಲ್ಲ, ಅಂಚಿಲ್ಲ, ಬರೆದೇಬಿಟ್ಟ: 'ಬಗ್ಗಿಸಿ ನೋಡದೆ ನಾನು ಯಾರಿಗೂ ಕನ್ನಡಕ ಕೊಡುವುದಿಲ್ಲ. ನಾನು ಕೂರಿಸಿದ ಕನ್ನಡಕ, ಕೂರಿಸಿದಲ್ಲೇ ಇರುತ್ತದೆ.' ಶಾಖೆಯ ಸಾಲು ಸೇರಿಸಲು ಹೋದವನ ಕೈಯಿಂದ ಅವಳು ಪೆನ್ನು ಕಿತ್ತುಕೊಂಡಳು.

ವಾರ ಕಳೆಯುವುದರೊಳಗೆ ಕರೆ ಬಂತು. ಅಂಗಡಿಯ ಯಜಮಾನಿ ಪತ್ರವನ್ನು ಎದುರಿಗೇ ಇಟ್ಟುಕೊಂಡು ಕೂತಿದ್ದರು. "ಬೇರೆಯವರೆಲ್ಲ ಪ್ರಾಮಾಣಿಕರು, ಕಷ್ಟಜೀವಿಗಳು ಅಂತ ಬರ್ಕೊಂಡಿದ್ದಾರಮ್ಮ. ಏನು ಮಾಡ್ತೀನಿ ಅಂತ ಹೇಳಿದವರು ನೀವೊಬ್ಬರೇ," ಎಂದರು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಯಜಮಾನಿಯ ಕಣ್ಣು ಗಾಜಿನ ಬಾಗಿಲಿನಾಚೆ ಹೋಯಿತು. ಅಲ್ಲಿ ಫುಟ್‌ಪಾತಿನ ಮೇಲೆ ಒಬ್ಬ ಮನುಷ್ಯ ಕತ್ತೆತ್ತಿ ಅಂಗಡಿಯ ಬೋರ್ಡನ್ನು ಪರೀಕ್ಷೆ ಮಾಡುತ್ತ ನಿಂತಿದ್ದ. ಕನ್ನಡಕ ಮೂಗಿನ ತುದಿಯಲ್ಲಿ, ಇನ್ನೇನು ಬಿದ್ದೇಬಿಡುತ್ತದೆ ಎನ್ನುವ ಹಾಗೆ.

"ನಿಮ್ಮ ಜೊತೆ ಬಂದವರಲ್ವಾ?"

"ನಮ್ಮನೆಯವರು."

"ಆ ಕನ್ನಡಕ ಕೂರಿಸಿದ್ದು ಯಾರು?"

ಅವಳೂ ಬಾಗಿಲಿನಾಚೆ ನೋಡಿದಳು. "ನಾನೇ."

ಯಜಮಾನಿ ಪತ್ರ ಮಡಚಿ ಪಕ್ಕಕ್ಕಿಟ್ಟರು. ಅಷ್ಟು ಸಾಕಾಯಿತು, ಅವಳ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಎದ್ದು ಬಾಗಿಲು ತೆರೆದು, "ರೀ, ಬನ್ನಿ ಒಳಗೆ!" ಎಂದಳು. ಅವನು ಒಳಗೆ ಬರುತ್ತಲೇ, "ನಮಸ್ಕಾರ ಮೇಡಂ, ನಿಮ್ಮ ಬೋರ್ಡಲ್ಲಿ ಅಕ್ಷರಗಳಿಗೆ ಉಸಿರಾಡೋಕೂ ಜಾಗ ಇಲ್ಲ..." ಎಂದು ಶುರುಮಾಡಿದ.

"ಅದು ಆಮೇಲೆ. ಬಗ್ಗಿ, ಚಪ್ಪಲಿ ಸರಿ ಮಾಡ್ಕೊಳ್ಳಿ."

"ಚಪ್ಪಲಿಗೇನಾಗಿದೆ?"

"ಬಗ್ರೀ ಅಂದ್ರೆ!"

ಅವನು ಬಗ್ಗಿದ. ಯಜಮಾನಿಯೂ ಕುರ್ಚಿ ಬಿಟ್ಟು ಬಂದು, ಮಂಡಿ ಹಿಡಿದುಕೊಂಡು, ಬಗ್ಗಿದವನ ಮುಖವನ್ನು ಬಗ್ಗಿ ನೋಡಿದರು. ಮೂಗಿನ ತುದಿಯ ಕನ್ನಡಕ ಮೂಗಿನ ತುದಿಯಲ್ಲೇ ಇತ್ತು. ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಜಾರಿದ್ದಲ್ಲ ಮೇಡಂ, ಅಲ್ಲೇ ಕೂರಿಸಿದ್ದು," ಎಂದಳು ಅವಳು. "ಬೋರ್ಡು ಬರೆಯೋರು ಇವರು. ಕುಂಚದ ತುದಿ ಕನ್ನಡಕದೊಳಗಿಂದ ಕಾಣಬೇಕು. ಸಾಲು ನೆಟ್ಟಗಿದೆಯಾ ಅಂತ ಹಿಂದೆ ಸರಿದು ನೋಡೋವಾಗ ಕನ್ನಡಕದ ಮೇಲಿಂದ ನೋಡಬೇಕು. ಎಲ್ಲರ ಹಾಗೆ ಮೇಲೆ ಕೂರಿಸಿದ್ರೆ ನಿಮಿಷಕ್ಕೊಂದು ಸಲ ಬಣ್ಣದ ಕೈಯಲ್ಲಿ ತೆಗೀಬೇಕು, ಹಾಕಬೇಕು."

ಯಜಮಾನಿ ತಮ್ಮ ಕನ್ನಡಕ ತೆಗೆದು ಅವಳ ಕೈಗಿಟ್ಟರು. "ಎಡಗಡೆ ಕಿವಿ ಹಿಂದೆ ಒತ್ತುತ್ತೆ. ನಮ್ಮ ಅಂಗಡೀದೇ, ಯಾರ ಹತ್ರ ಹೇಳ್ಕೊಳ್ಳಲಿ? ಸೋಮವಾರ ಬರ್ತೀರಲ್ಲ, ಮೊದಲು ಇದನ್ನ ನೋಡಿ."

ಸೋಮವಾರದವರೆಗೆ ಯಾರು ಕಾಯುತ್ತಾರೆ? ಅವಳು ಆಗಲೇ ಕಡ್ಡಿಯನ್ನು ಬೆಳಕಿಗೆ ಹಿಡಿದಿದ್ದಳು. ಎಷ್ಟೋ ದಿನದ ಮೇಲೆ ಬೆರಳುಗಳಿಗೆ ಜೀವ ಬಂದಿತ್ತು. ಗಂಡನೊಬ್ಬ ಅಲ್ಲಿದ್ದಾನೆ ಎಂಬುದೂ ಅವಳಿಗೆ ಮರೆತುಹೋಗಿತ್ತು.

"ಲೇ," ಎಂದಿತು ಕೆಳಗಿನಿಂದ ಒಂದು ದನಿ, "ನಾನಿನ್ನು ಏಳಬಹುದಾ?"